ಬಾತುಕೋಳಿಯ ಚಾತುರ್ಮಾಸ್ಯ

ನಾನು ಚಿಕ್ಕವನಿದ್ದಾಗ ನಮ್ಮ ಹಿತ್ತಲಿನಲ್ಲಿದ್ದ ಗಂಡು ಬಾತುಕೋಳಿಯೊಂದು ನೋಡನೋಡುತ್ತಿದ್ದಂತೆ ಹೆಣ್ಣಾಗಿಬಿಟ್ಟಿತು. ನೀವು ನಗುತ್ತೀರಿ, ನಗಿ. ಆಗ ನಮ್ಮ ಮನೆಯಲ್ಲಿ ಮಾತ್ರ ಯಾರೂ ನಗಲಿಲ್ಲ. ಅಜ್ಜಿಗೆ ಅನ್ನ ಸೇರದಾಯಿತು. ಅಪ್ಪ ಕುರ್ಚಿಯಲ್ಲಿ ಕೂತರೂ ಕಾಲು ಅಲ್ಲಾಡಿಸುತ್ತಲೇ ಇರುತ್ತಿದ್ದರು. ಆ ಬಾತು ನಮ್ಮದೇ ಆಗಿದ್ದರೆ ಇಷ್ಟು ಸಂಕಟವಿರಲಿಲ್ಲ. ಪಕ್ಕದ ಮನೆಯವರು ನಮ್ಮನ್ನು ನಂಬಿ ಬಿಟ್ಟುಹೋದ ಬಾತು ಅದು.

ನಾವು ಆಗ ತಿರುವೊಟ್ಟಿಯೂರಿನಲ್ಲಿದ್ದೆವು. ಅಪ್ಪನಿಗೆ ಅಲ್ಲಿನ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕೆಲಸ. ಮುತ್ತಜ್ಜನ ಕಾಲಕ್ಕೇ ಮದರಾಸಿಗೆ ಬಂದು ನೆಲೆಸಿದ ಮನೆತನ ನಮ್ಮದು. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು, ಸಿಟ್ಟು ಬಂದಾಗ ಎರಡೂ. ಸಮುದ್ರ ತೀರಾ ಹತ್ತಿರವಿತ್ತು. ಮಧ್ಯಾಹ್ನದ ಗಾಳಿ ಒಣಮೀನಿನ ವಾಸನೆಯನ್ನು ಹೊತ್ತು ತಂದರೆ ಅಜ್ಜಿ ಸೆರಗನ್ನು ಮೂಗಿಗೆ ಹಿಡಿದು ಕಿಟಕಿ ಮುಚ್ಚುತ್ತಿದ್ದರು. ಬೇಸಿಗೆ ಬಂತೆಂದರೆ ನಮ್ಮ ಬಾವಿಯ ನೀರು ಬಾಯಿಗಿಡಲಾಗದಷ್ಟು ಉಪ್ಪಾಗುತ್ತಿತ್ತು. ಆಗ ಪಕ್ಕದ ಮನೆಯ ಬಾವಿಯೇ ಗತಿ. ಆ ಮನೆಯಲ್ಲಿ ನಿವೃತ್ತರಾದ ಶಾಲೆಯ ಟೀಚರೊಬ್ಬರು ಒಂಟಿಯಾಗಿದ್ದರು. ನಾವೆಲ್ಲ ಅವರನ್ನು ಟೀಚರಮ್ಮ ಎನ್ನುತ್ತಿದ್ದೆವು. ನಾವು ಎಷ್ಟು ಕೊಡ ಸೇದಿದರೂ ಅವರು ಒಂದು ದಿನವೂ ಮುಖ ಸಿಂಡರಿಸಿದವರಲ್ಲ.

ಟೀಚರಮ್ಮನ ಬಳಿ ಎರಡು ಹೆಣ್ಣು ಬಾತು, ಒಂದು ಗಂಡು ಬಾತು ಇದ್ದವು. ಮೂರನ್ನೂ ಹಿಂದಿನ ನವರಾತ್ರಿಯ ಹೊತ್ತಿಗೆ ಮರಿಗಳಾಗಿ ತಂದು ಬೆಳೆಸಿದ್ದರು. ಹೆಣ್ಣುಗಳ ಮೈ ಒಣಗಿದ ತೆಂಗಿನ ಗರಿಯ ಬಣ್ಣ. ಗಂಡಿನದೋ, ಏನು ಹೇಳಲಿ! ತಲೆ ಪೂರ್ತಿ ಹಸಿರು. ಬಿಸಿಲು ಬಿದ್ದರೆ ಆ ಹಸಿರು ನೀಲಿಯಾಗಿ, ಮತ್ತೆ ಹಸಿರಾಗಿ ಮಿರುಗುತ್ತಿತ್ತು. ಕೊರಳಿಗೆ ಬಿಳಿಯ ಪಟ್ಟಿ, ಎದೆ ಕಗ್ಗಂದು, ಬಾಲದ ಮೇಲೆ ಉಂಗುರದ ಹಾಗೆ ಸುರುಳಿಯಾದ ಪುಕ್ಕ. ಅದಕ್ಕೆ ರಾಜಾ ಎಂದು ಹೆಸರಿಟ್ಟದ್ದರಲ್ಲಿ ತಪ್ಪೇನೂ ಇರಲಿಲ್ಲ. ಟೀಚರಮ್ಮ ಹಿತ್ತಲಿಗೆ ಬಂದರೆ ಸಾಕು, ರಾಜಾ ಓಡಿಬಂದು ಅವರ ಸೀರೆಯ ಅಂಚನ್ನು ಕೊಕ್ಕಿನಲ್ಲಿ ಕಚ್ಚಿ ಜಗ್ಗುತ್ತಿತ್ತು. ಅವರು ಬೈದಷ್ಟೂ ಇನ್ನೂ ಜಗ್ಗುತ್ತಿತ್ತು.

ಬೇಸಿಗೆ ಮುಗಿಯುವ ಹೊತ್ತಿಗೆ ಟೀಚರಮ್ಮ ಮಗಳ ಬಾಣಂತನಕ್ಕೆಂದು ತಿರುಚ್ಚಿಗೆ ಹೊರಟರು. ಹೊರಡುವ ಮುನ್ನ ನಮ್ಮ ಬಾಗಿಲಿಗೆ ಬಂದು, "ಮಾಮಿ, ಎನ್ ರಾಜಾವ ಪಾತ್ತುಕ್ಕೋಂಗ," ಎಂದು ಅಜ್ಜಿಯ ಕೈ ಹಿಡಿಯಲು ಹೋಗಿ, ಅಜ್ಜಿ ಮಡಿಯಲ್ಲಿದ್ದುದನ್ನು ನೋಡಿ ಕೈ ಹಿಂದೆಗೆದುಕೊಂಡರು. ನನ್ನ ರಾಜಾನನ್ನು ನೋಡಿಕೊಳ್ಳಿ ಎಂದರ್ಥ. ಅವರ ಬಾವಿಯ ನೀರು ಕುಡಿದು ಬೇಸಿಗೆ ಕಳೆದ ಅಜ್ಜಿ ಇಲ್ಲವೆನ್ನುವುದು ಹೇಗೆ? "ನೀವು ಕೊಟ್ಟ ಹಾಗೇ ವಾಪಸ್ ಒಪ್ಪಿಸ್ತೀನಿ," ಎಂದು ಮಾತು ಕೊಟ್ಟುಬಿಟ್ಟರು. ಮೊಟ್ಟೆಯ ವಿಷಯ ಮಾತ್ರ ತಮ್ಮ ಕಿವಿಗೂ ಬೀಳಬಾರದೆಂದರು. ಮೊಟ್ಟೆಗಳನ್ನು ಎದುರು ಮನೆಯವರು ಬಂದು ಒಯ್ಯುವುದೆಂದು ಗೊತ್ತಾಯಿತು.

ನಮ್ಮಂಥ ಮನೆಯಲ್ಲಿ ಬಾತುಕೋಳಿ ಸಾಕುವುದು ಹೇಗಿತ್ತು ಎಂಬುದನ್ನು ನೀವು ನೋಡಬೇಕಿತ್ತು. ಅಜ್ಜಿ ತೌಡಿಗೆ ಗಂಜಿ ಕಲಸಿ ಇಡುತ್ತಿದ್ದರು, ಸೊಪ್ಪಿನ ದಂಟು, ಕುಂಬಳದ ಸಿಪ್ಪೆ ಹಾಕುತ್ತಿದ್ದರು. ಬಾತುಗಳು ಅದನ್ನೆಲ್ಲ ತಿಂದು, ಬಟ್ಟೆ ಒಗೆಯುವ ಕಲ್ಲಿನ ಬುಡದಲ್ಲಿದ್ದ ಬಸವನಹುಳುಗಳನ್ನೂ ಗುಳುಕ್ ಎಂದು ನುಂಗುತ್ತಿದ್ದವು. ಅಜ್ಜಿ ತಕ್ಷಣ ಗೋಡೆಯ ಕಡೆ ತಿರುಗಿ ನಿಲ್ಲುತ್ತಿದ್ದರು. "ಅದು ಅವುಗಳ ಧರ್ಮ. ನಾನು ನೋಡ್ಲಿಲ್ಲ, ಅಷ್ಟೆ," ಎನ್ನುತ್ತಿದ್ದರು. ಅಪ್ಪ ಹಳೆಯ ತಗಡಿನ ತೊಟ್ಟಿಯೊಂದನ್ನು ನೆಲದಲ್ಲಿ ಹುಗಿದು ನೀರು ತುಂಬಿಸಿದರು. ಅದರಲ್ಲಿ ಮೂರೂ ಪಟಪಟ ರೆಕ್ಕೆ ಬಡಿದರೆ ಒಣಹಾಕಿದ ಬಟ್ಟೆಯೆಲ್ಲ ಮತ್ತೆ ಒದ್ದೆಯಾಗುತ್ತಿತ್ತು.

ಅಷ್ಟರಲ್ಲಿ ಆಷಾಢದ ಏಕಾದಶಿ ಬಂತು, ಚಾತುರ್ಮಾಸ್ಯ ಶುರುವಾಯಿತು. ದೇವರು ನಿದ್ದೆ ಮಾಡುವ ನಾಲ್ಕು ತಿಂಗಳು ಅದು ಎಂದು ಅಜ್ಜಿ ಹೇಳುತ್ತಿದ್ದರು. ಮೊದಲ ತಿಂಗಳು ಶಾಕವ್ರತ: ತರಕಾರಿ, ಸೊಪ್ಪು ಏನೂ ಮನೆಯೊಳಗೆ ಕಾಲಿಡುವಂತಿಲ್ಲ. ಮುಂದಿನ ತಿಂಗಳು ಮೊಸರಿಲ್ಲ, ಆಮೇಲೆ ಹಾಲಿಲ್ಲ, ಕೊನೆಗೆ ಬೇಳೆಯೂ ಇಲ್ಲ. ಮದುವೆಯಾಗಿ ಬಂದಾಗಿನಿಂದ ಅಜ್ಜಿ ಒಂದು ವರ್ಷವೂ ಈ ವ್ರತ ಬಿಟ್ಟವರಲ್ಲ. ಮನೆಗೆ ಸೊಪ್ಪು ಬರುವುದು ನಿಂತ ಮೇಲೆ ಬಾತುಗಳಿಗೂ ಸೊಪ್ಪು ನಿಂತಿತು. ಅವುಗಳಿಗೂ ನಮ್ಮ ಹಾಗೆ ತೊವ್ವೆ ಅನ್ನ, ಮಜ್ಜಿಗೆ ಅನ್ನ.

ಸ್ವಲ್ಪ ದಿನಕ್ಕೆ ರಾಜಾನ ಪುಕ್ಕ ಉದುರತೊಡಗಿತು. ಮೊದಲು ಬಾಲದ ಸುರುಳಿ ಬಿತ್ತು. ಆಮೇಲೆ ತೊಟ್ಟಿಯ ನೀರಿನ ಮೇಲೆ ಹಸಿರು ಚೂರುಗಳು ತೇಲಿದವು. ನನಗೋ ಹಬ್ಬ, ಆರಿಸಿ ಕಿವಿಗೆ ಸಿಕ್ಕಿಸಿಕೊಂಡು ಓಡಾಡಿದೆ. ಅಜ್ಜಿ ಅದನ್ನು ಕಿತ್ತುಕೊಂಡು ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕಿದರು. "ಇದು ಟೀಚರಮ್ಮಂದು. ಒಂದು ಎಳೆಯೂ ನಮ್ದಲ್ಲ," ಎಂದರು. ಅಂದಿನಿಂದ ದಿನಾ ಚಿಮಟದಲ್ಲಿ ಪುಕ್ಕ ಹೆಕ್ಕುವುದು, ಡಬ್ಬಿಗೆ ತುಂಬುವುದು, ಹೋಗಿ ತಣ್ಣೀರು ಸುರಿದುಕೊಳ್ಳುವುದು. ಇತ್ತ ರಾಜಾನ ತಲೆ ಹುಳು ತಿಂದ ಮಖಮಲ್ಲಿನಂತಾಯಿತು. ಅದು ನೀರಿಗಿಳಿಯುವುದನ್ನು ಬಿಟ್ಟು ಒಗೆಯುವ ಕಲ್ಲಿನ ಹಿಂದೆ ಮುದುಡಿ ಕೂತುಕೊಳ್ಳತೊಡಗಿತು. ಉದುರಿದಲ್ಲೆಲ್ಲ ಹೊಸ ಪುಕ್ಕ ಬಂತು, ನಿಜ. ಆದರೆ ಬಂದದ್ದು ಹಸಿರಲ್ಲ. ಹೆಣ್ಣು ಬಾತುಗಳಿಗಿದ್ದಂಥದೇ ಕಂದು! ಕೊನೆಗೆ ಒಂದು ದಿನ ಹಿತ್ತಲಿನಲ್ಲಿ ಮೂರು ಕಂದು ಬಾತುಗಳು ನಿಂತಿದ್ದವು. ನಮ್ಮ ರಾಜಾ ಯಾವುದು ಎಂದು ನಾವು ಬಗ್ಗಿ ನೋಡಬೇಕಾಯಿತು.

ಮನೆಯಲ್ಲಿ ಒಬ್ಬೊಬ್ಬರೂ ಇದಕ್ಕೆ ತಾನೇ ಕಾರಣವೆಂದುಕೊಂಡರು. ತೊಟ್ಟಿಯ ತುಕ್ಕು ಕಾರಣವೆಂದು ಅಪ್ಪ ಅದನ್ನು ಕಿತ್ತು ಸಿಮೆಂಟು ಬಳಿದರು. ತಾವು ಚೆಲ್ಲಿದ ಸಾಬೂನು ನೀರು ಕಾರಣವೆಂದು ಅಮ್ಮ ಬಟ್ಟೆಯನ್ನು ಬೀದಿ ನಲ್ಲಿಗೆ ಒಯ್ದು ಒಗೆದರು. ಅಜ್ಜಿಯ ಲೆಕ್ಕಾಚಾರವೇ ಬೇರೆ. ಒಂದು ಸಂಜೆ ಅವರು ಮೆಟ್ಟಿಲ ಮೇಲೆ ಕೂತು, "ನಾನು ಸೊಪ್ಪು ನಿಲ್ಲಿಸ್ದೆ, ಅದರ ಹಸಿರು ಹೋಯ್ತು. ವ್ರತ ನಂದು, ಆ ಬಾಯಿಲ್ಲದ ಪ್ರಾಣೀದಲ್ಲ. ಪಾವಂ, ಅದಕ್ಯಾಕೆ ಹಿಡಿಸ್ದೆ ನಾನು?" ಎಂದರು. ಪಾಪ ಎನ್ನುವುದಕ್ಕೆ ನಮ್ಮ ಮನೆಯಲ್ಲಿ ತಮಿಳಿನ ಪಾವಂ ಎಂದೇ ಹೇಳುತ್ತಿದ್ದೆವು.

ಮರುದಿನ ಅಜ್ಜಿ ಮಾಡಿದ್ದನ್ನು ನೋಡಿ ಅಮ್ಮ ಬೆರಗಾದರು. ಶಾಕವ್ರತದ ತಿಂಗಳಿನಲ್ಲಿ ಅಜ್ಜಿ ತಾವೇ ಕೀರೆ ಮಾರುವವಳನ್ನು ಕೂಗಿ ಕರೆದು ಒಂದು ಕಟ್ಟು ಸೊಪ್ಪು ಕೊಂಡರು. ಅದನ್ನು ಒಳಗೆ ತರಲಿಲ್ಲ. ಹಿತ್ತಲ ಗೋಡೆಯ ಮೇಲಿಟ್ಟು, ಬಿಸಿಲಲ್ಲಿ ನಿಂತು ಹೆಚ್ಚಿ, ರಾಜಾನ ಮುಂದೆ ಸುರಿದರು. ದಿನಾ ಹೀಗೇ ನಡೆಯಿತು. ರಾಜಾ ಹಸಿದವನಂತೆ ತಿಂದಿತು, ಹೆಣ್ಣು ಬಾತುಗಳೂ ಪಾಲಿಗೆ ಬಂದವು. ಹಸಿರು ಮಾತ್ರ ಬರಲಿಲ್ಲ.

ಹಾಗಿರುವಾಗ, ಭಾನುವಾರ ಮಧ್ಯಾಹ್ನ ಬರುತ್ತೇನೆಂದು ಟೀಚರಮ್ಮ ಹೇಳಿಕಳುಹಿಸಿದರು.

ಆ ಭಾನುವಾರ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಬೆಳಗ್ಗೆ ಅಪ್ಪ ಹಣೆಗೆ ಅಂಗಾರ, ಅಕ್ಷತೆ ಇಟ್ಟುಕೊಂಡು, ಸ್ನೇಹಿತರನ್ನು ನೋಡಿಬರುತ್ತೇನೆಂದು ಸೈಕಲ್ ಹತ್ತಿದರು. ಸೈಕಲ್ಲಿನ ಹಿಂದೆ ಮುಚ್ಚಳದ ಬುಟ್ಟಿ ಕಟ್ಟಿದ್ದನ್ನು ಅಕ್ಕ ನೋಡಿಬಿಟ್ಟಳು. ನನಗಿಂತ ಐದು ವರ್ಷ ದೊಡ್ಡವಳು ಅವಳು, ಅವಳ ಕಣ್ಣು ತಪ್ಪಿಸುವುದು ಯಾರಿಂದಲೂ ಆಗುತ್ತಿರಲಿಲ್ಲ. "ಸ್ನೇಹಿತರ ಮನೆಗೆ ಬುಟ್ಟಿ ಯಾಕೋ?" ಎಂದು ನನ್ನ ಕಿವಿಯಲ್ಲಿ ಕೇಳಿದಳು. ನನಗೇನು ಗೊತ್ತು? ಅಜ್ಜಿ ಅಂದು ಜಪಕ್ಕೆ ಕೂತರೂ ಕಣ್ಣು ಹಿತ್ತಲಿನ ಕಡೆಗೇ ಇತ್ತು. ಎಲೆ ಹಾಕಿದರೆ ಏಳಲೇ ಇಲ್ಲ. "ಬೇಸಿಗೇಲಿ ನೀರು ಕೊಟ್ಟ ಕೈಗೆ ನಾನು ಏನು ಕೊಡ್ಲಿ ಈಗ?" ಎಂದು ಮತ್ತೆ ಮತ್ತೆ ಕೇಳುತ್ತಿದ್ದರು.

ಬಿಸಿಲು ನೆತ್ತಿಗೇರಿದ ಮೇಲೆ ಅಪ್ಪ ಬಂದರು. ಬೆವರಿನಲ್ಲಿ ಅಂಗಾರ ಅಳಿಸಿಹೋಗಿತ್ತು, ಪಂಚೆಯ ಅಂಚಿಗೆಲ್ಲ ಕೆಸರು. ಬುಟ್ಟಿಯನ್ನು ಹಿತ್ತಲಿನಲ್ಲಿ ದೊಪ್ಪೆಂದು ಹಾಕಿದರು. ಅದು ಖಾಲಿಯಾಗಿತ್ತು.

"ಮಣಲಿ ಆಚೆ ಕೆರೆ ತನಕ ಹೋಗಿದ್ದೆ," ಎಂದರು ತಲೆ ತಗ್ಗಿಸಿ. "ಅಲ್ಲಿ ಬಾತುಗಳನ್ನ ಹಿಂಡು ಹಿಂಡಾಗಿ ಮೇಯಿಸ್ತಾರೆ. ಹಸಿರು ತಲೇದು ಒಂದು ತಂದಿಟ್ರೆ ಟೀಚರಮ್ಮನಿಗೆ ಬೇಜಾರಾಗಲ್ಲ ಅಂತ."

ಅಜ್ಜಿ ಎದ್ದೇ ನಿಂತರು. "ಬೇರೆ ಬಾತು ತಂದು ಇದೇ ನಿಮ್ಮ ರಾಜಾ ಅಂತ ಹೇಳೋದಾ? ಅದಕ್ಕಿಂತ ಕಳೆದುಹೋಯ್ತು ಅನ್ನೋದು ವಾಸಿ!"

"ಹೇಳೋಕ್ಕೆ ಬಾತು ಎಲ್ಲಿ ಸಿಕ್ತು?" ಅಪ್ಪನಿಗೂ ರೇಗಿತು. "ಏರಿ ಮೇಲೆ ನಿಂತು ಕಣ್ಣು ನೋಯೋ ತನಕ ನೋಡ್ದೆ. ಕೆರೆ ತುಂಬ ಬಾತು. ಒಂದೇ ಒಂದು ಹಸಿರು ತಲೆ ಇಲ್ಲ! ಎಲ್ಲಾ ಪೆಟ್ಟೆನೇ!" ಪೆಟ್ಟೆ ಎಂದರೆ ಹೆಣ್ಣು.

"ಮೇಯಿಸೋರನ್ನ ಕೇಳ್ಬಾರ್ದಿತ್ತಾ?" ಎಂದರು ಅಮ್ಮ.

"ಏನಂತ ಕೇಳ್ಲಿ? ಹಣೇಲಿ ಅಂಗಾರ ಇಟ್ಕೊಂಡು ಬಾತು ಇದೆಯಾ ಅಂತ ಕೇಳ್ಲಾ? ನಗ್ತಾರೆ!"

ಬಂದ ದಾರಿಗೆ ಸುಂಕವಿಲ್ಲ ಎಂಬಂತೆ ಮರಳಿದ ಅಪ್ಪನನ್ನು ಕಂಡು ನನಗೆ ಅಳು ಬಂತು. ಅಕ್ಕ ಮಾತ್ರ ಸೊಂಟದ ಮೇಲೆ ಕೈಯಿಟ್ಟು ಯೋಚಿಸುತ್ತ ನಿಂತಿದ್ದಳು. "ಅಪ್ಪಾ, ಕೆರೇಲಿ ಅವು ಹೇಗೆ ಕೂಗ್ತಿದ್ವು? ಕರೆಕ್ಟಾಗಿ ಹೇಳಿ."

"ಬಾತು ಹೇಗೆ ಕೂಗತ್ತೋ ಹಾಗೇ ಕೂಗ್ತಿದ್ವು."

"ಇಲ್ಲ, ಕೂಗಿ ತೋರ್ಸಿ."

ಆಫೀಸಿನಲ್ಲಿ ಎಲ್ಲರೂ ಎದ್ದು ನಿಂತು ಗೌರವಿಸುತ್ತಿದ್ದ ನನ್ನ ಅಪ್ಪ, ಹಿತ್ತಲಿನ ಮಧ್ಯೆ ನಿಂತು, ಅತ್ತಿತ್ತ ನೋಡಿ, ಕ್ವಾಕ್ ಕ್ವಾಕ್ ಕ್ವಾಕ್ ಎಂದು ಜೋರಾಗಿ ಕೂಗಿದರು. ನಮ್ಮ ಎರಡು ಹೆಣ್ಣು ಬಾತುಗಳೂ ತಲೆಯೆತ್ತಿ ಅಷ್ಟೇ ಜೋರಾಗಿ ಉತ್ತರ ಕೊಟ್ಟವು. "ಕೆಲವು ಹೀಗೆ," ಎಂದರು ಅಪ್ಪ. "ಇನ್ನು ಕೆಲವಕ್ಕೆ ಗಂಟಲು ಕಟ್ಟಿತ್ತು. ಶೀತ ಆದೋರ ಹಾಗೆ ಹಸ್ ಹಸ್ ಅಂತಿದ್ವು."

ಅಕ್ಕ ಚಪ್ಪಾಳೆ ತಟ್ಟಿ ಕುಣಿದಳು. "ಅವೇ ಗಂಡು! ನಮ್ಮ ರಾಜಾ ಯಾವತ್ತಾದ್ರೂ ಕ್ವಾಕ್ ಅಂದಿದೆಯಾ? ತಲೆ ಹಸಿರಾಗಿದ್ದಾಗ್ಲೂ ಹಸ್ ಹಸ್ ಅಂತಾನೇ ಇತ್ತು. ಕೂಗೋದೆಲ್ಲ ಹೆಣ್ಣುಗಳೇ. ಆ ಕೆರೆಯ ಗಂಡುಗಳಿಗೂ ಹಸಿರು ಹೋಗಿದೆ ಅಪ್ಪಾ! ಅಜ್ಜಿ, ಅಲ್ಲಿ ಯಾರು ಶಾಕವ್ರತ ಮಾಡ್ತಾರೆ?"

ಅಜ್ಜಿ ಒಗೆಯುವ ಕಲ್ಲಿನ ಮೇಲೆ ಕೂತರು. "ಹಾಗಾದ್ರೆ ನನ್ನಿಂದ ಅಲ್ವಾ? ಎಲ್ಲಕ್ಕೂ ಹೀಗೇ ಆಗತ್ತಾ?" ಎಂದು ಅಕ್ಕನನ್ನು ಕೇಳಿದರು. ಅಜ್ಜಿಯಿಂದ ಅಲ್ಲವೇ ಅಲ್ಲ ಎಂದು ಅಕ್ಕ ತಲೆಯಾಡಿಸಿದಳು. ಅಜ್ಜಿಯ ಕಣ್ಣಲ್ಲಿ ನೀರು ಬಂತು, ಜೊತೆಗೇ ನಗುವೂ ಬಂತು. "ಅದಕ್ಕೂ ಚಾತುರ್ಮಾಸ್ಯ ಅನ್ನು! ಬಣ್ಣ ಬಿಟ್ಟು ಮೂಲೇಲಿ ಕೂತಿದೆ, ಸನ್ಯಾಸಿ!" ಎಂದರು. ನಾವೆಲ್ಲ ನಕ್ಕೆವು. ಎಷ್ಟೋ ದಿನಗಳ ಮೇಲೆ ಆ ಹಿತ್ತಲಿನಲ್ಲಿ ನಗು ಕೇಳಿಸಿತ್ತು.

ಆದರೆ ನಮಗೆ ಗೊತ್ತಾದರೆ ಸಾಕೇ? ಟೀಚರಮ್ಮ ನಂಬಬೇಕಲ್ಲ. ಅವರ ರಿಕ್ಷಾ ಬಂದು ನಿಂತಾಗ ನಮ್ಮೆಲ್ಲರ ನಗು ಮತ್ತೆ ಇಂಗಿಹೋಯಿತು. ಅಜ್ಜಿ ಬಾಗಿಲಲ್ಲೇ ತಮ್ಮ ತಮಿಳಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು: ರಾಜಾ ಇದ್ದಾನೆ, ಆದರೆ ಮೊದಲಿನ ಹಾಗಿಲ್ಲ. ಟೀಚರಮ್ಮ ಹಿತ್ತಲಿಗೆ ಬಂದು ಮೂರು ಕಂದು ಬಾತುಗಳನ್ನು ಒಂದಾದ ಮೇಲೊಂದು ನೋಡಿದರು. ಅವರ ಮುಖ ಬಾಡಿತು.

"ನಾಯ್ ಕಡಿಚ್ಚಿಡುಚ್ಚಾ ಮಾಮಿ? ಉಣ್ಮೆಯ ಸೊಲ್ಲುಂಗ. ನಾನ್ ಕೋವಿಚ್ಚುಕ್ಕ ಮಾಟ್ಟೇನ್," ಎಂದರು ಮೆಲ್ಲಗೆ. ರಾಜಾನನ್ನು ನಾಯಿ ಕಚ್ಚಿತೇ, ನಿಜ ಹೇಳಿ, ನಾನು ಕೋಪಿಸಿಕೊಳ್ಳುವುದಿಲ್ಲ ಎನ್ನುತ್ತಿದ್ದರು. ಬೈದಿದ್ದರೂ ಅಜ್ಜಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಆಗ ಅಕ್ಕ ಮುಂದೆ ಬಂದು, "ಒರು ತಡವೆ ಕೂಪ್ಪಿಡುಂಗ ಟೀಚರ್," ಎಂದಳು. ಒಂದು ಸಲ ಕರೆಯಿರಿ ಎಂದು.

ಟೀಚರಮ್ಮ ನಾಲಿಗೆಯಿಂದ ಲೊಚಗುಟ್ಟಿ, "ರಾಜಾ, ವಾ ವಾ," ಎಂದು ಕರೆದರು. ಹೆಣ್ಣು ಬಾತುಗಳು ಬೀದಿಗೆಲ್ಲ ಕೇಳುವಂತೆ ಕೂಗಿಕೊಂಡವು. ಕಲ್ಲಿನ ಹಿಂದಿನಿಂದ ಮೂರನೆಯದು ಕತ್ತು ಚಾಚಿತು. ತಲೆಯನ್ನು ಮೇಲಕ್ಕೂ ಕೆಳಕ್ಕೂ ಆಡಿಸುತ್ತ, ಹಸ್ ಹಸ್ ಎನ್ನುತ್ತ, ಆ ಕಡೆ ಈ ಕಡೆ ವಾಲುತ್ತ ಬಂತು. ಬಂದದ್ದೇ ಟೀಚರಮ್ಮನ ಸೀರೆಯ ಅಂಚನ್ನು ಕಚ್ಚಿ ಜಗ್ಗಿತು.

"ಡೇಯ್! ಎನ್ನಡಾ ವೇಷಂ ಇದು!" ಟೀಚರಮ್ಮ ನೆಲದ ಮೇಲೆ ಕೂತೇಬಿಟ್ಟರು. ಅದನ್ನು ಎತ್ತಿ ಎದೆಗೊತ್ತಿಕೊಂಡು, ಇದೇನೋ ನಿನ್ನ ವೇಷ ಎಂದು ಬೈಯುತ್ತ, ನಗುತ್ತ, ಅಳುತ್ತ ಇದ್ದರು. ಅಪ್ಪ ಬಿಟ್ಟ ಉಸಿರು ನನಗೆ ದೂರಕ್ಕೂ ಕೇಳಿಸಿತು. ಅಜ್ಜಿ ಡಬ್ಬಿ ತಂದು ಅವರ ಮುಂದಿಟ್ಟರು. ಟೀಚರಮ್ಮ ಮುಚ್ಚಳ ತೆಗೆದು ಒಳಗಿದ್ದ ಹಸಿರು ಪುಕ್ಕಗಳನ್ನು ನೋಡಿದರು, ಗೋಡೆಯ ಮೇಲಿದ್ದ ಸೊಪ್ಪಿನ ಕಟ್ಟನ್ನೂ ನೋಡಿದರು. ಇದು ಯಾವ ತಿಂಗಳೆಂದು ಅವರಿಗೆ ಗೊತ್ತಿತ್ತು. ಎದ್ದು ಅಜ್ಜಿಯ ಎರಡೂ ಕೈಗಳನ್ನು ಹಿಡಿದುಕೊಂಡರು. ಇನ್ನೂ ಊಟವಾಗದೆ ಮಡಿಯಲ್ಲೇ ಇದ್ದ ಅಜ್ಜಿ ಕೈ ಬಿಡಿಸಿಕೊಳ್ಳಲಿಲ್ಲ. ಆ ಮೇಲೆ ಅಂದು ಎರಡು ತುತ್ತು ಹೆಚ್ಚೇ ಊಟ ಮಾಡಿದರು.

ರಾಜಾನ ಹಸಿರು ತಾನಾಗಿಯೇ ಬಂತು. ನವರಾತ್ರಿಯ ಬೊಂಬೆ ಕೂರಿಸುವ ಹೊತ್ತಿಗೆ ತಲೆಯ ಮೇಲೆ ಮೆಣಸಿನ ಕಾಳಿನಷ್ಟು ಹೊಳಪು ಕಂಡಿತು. ದೀಪಾವಳಿಯ ಮಳೆ ಹಿಡಿಯುವಾಗ ತಲೆ ಪೂರ್ತಿ ಮಿರುಗುತ್ತಿತ್ತು. ಬಾಲದ ಸುರುಳಿ ಎಲ್ಲಕ್ಕಿಂತ ಕೊನೆಗೆ ಬಂತು. ಗಂಡು ಬಾತು ವರ್ಷಕ್ಕೆ ಎರಡು ಸಲ ಉಡುಪು ಬದಲಿಸುತ್ತದೆ ಎಂದು ಮುಂದಿನ ವರ್ಷಗಳಲ್ಲಿ ನಾವೇ ನೋಡಿ ತಿಳಿದೆವು. ಮರಿ ಮಾಡುವ ಕಾಲ ಮುಗಿದು ಬೇಸಿಗೆ ಇಳಿಯುತ್ತಿದ್ದಂತೆ ಸವೆದ ಹಳೆಯ ಪುಕ್ಕವನ್ನೆಲ್ಲ ಬೀಳಿಸಿ ಕಂದು ಉಡುತ್ತದೆ. ಆಗ ರೆಕ್ಕೆಯ ಗರಿಗಳೂ ಉದುರುವುದರಿಂದ ಮೂಲೆ ಹಿಡಿದು ಕೂರುತ್ತದೆ. ದೀಪಾವಳಿಯ ಮಳೆಯ ಹೊತ್ತಿಗೆ ಮತ್ತೆ ಬಣ್ಣ ಉಡುತ್ತದೆ. ಹೆಣ್ಣುಗಳೂ ಪುಕ್ಕ ಬದಲಿಸುತ್ತವೆ, ಆಗ ಮೊಟ್ಟೆಗೆ ರಜೆ. ಆದರೆ ಕಂದು ಹೋಗಿ ಕಂದೇ ಬಂದರೆ ಯಾರ ಕಣ್ಣಿಗೆ ಬೀಳುತ್ತದೆ? ಮುಂದೆ ಪ್ರತಿ ಆಷಾಢದಲ್ಲೂ ಟೀಚರಮ್ಮ ಗೋಡೆಯಾಚೆಯಿಂದ, "ಮಾಮಿ, ರಾಜಾವುಕ್ಕು ವ್ರತಂ ಆರಂಬಿಚ್ಚಾಚ್ಚು," ಎಂದು ಕೂಗಿ ಹೇಳುತ್ತಿದ್ದರು. ರಾಜಾನ ವ್ರತ ಶುರುವಾಯಿತು ಎಂದು.

ಈಗ ನಾನು ಅಡ್ಯಾರಿನ ಫ್ಲ್ಯಾಟಿನಲ್ಲಿ ಮೊಮ್ಮಕ್ಕಳ ಜೊತೆ ಇದ್ದೇನೆ. ಇಲ್ಲಿ ಹಿತ್ತಲಿಲ್ಲ, ಬಾವಿಯಿಲ್ಲ, ಪಕ್ಕದ ಮನೆಯಲ್ಲಿ ಯಾರಿದ್ದಾರೆಂದು ಬಾಗಿಲ ಮೇಲಿನ ಹೆಸರು ಓದಿ ತಿಳಿಯಬೇಕು. ಈ ಕಥೆ ಹೇಳಿದಾಗ ಮೊಮ್ಮಗ ಅರ್ಧಕ್ಕೇ ಫೋನ್ ತೆಗೆದು, "ತಾತಾ, ಇದು ನಾರ್ಮಲ್. ಮೋಲ್ಟಿಂಗ್, ಪುಕ್ಕ ಬದಲಾಗೋದು," ಎಂದು ಉತ್ತರ ಹೇಳಿಬಿಟ್ಟ. ನಾವು ತಿಂಗಳು ಪೂರ್ತಿ ಹೆದರಿದ್ದಕ್ಕೆ ಅವನಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಸಮಾಧಾನ ಸಿಕ್ಕಿತು. ಒಳ್ಳೆಯದೇ ಆಯಿತು. ಆ ಹೆದರಿಕೆ ಯಾವ ಮಗುವಿಗೂ ಬೇಡ.

ಆದರೆ ಅವನ ಅಕ್ಕ, ನನ್ನ ಮೊಮ್ಮಗಳು, ಮೊನ್ನೆ ಶಾಲೆಯಲ್ಲಿ ಫೋಟೋ ತೆಗೆಯುವ ದಿನ, ಯೂನಿಫಾರ್ಮ್ ಹಾಕಿಕೊಂಡ ಮೇಲೆ, ಹೊಟ್ಟೆನೋವೆಂದು ಹೊದ್ದು ಮಲಗಿದಳು. ಕಾರಣ ನನಗೆ ಗೊತ್ತಿತ್ತು: ಮುಖದ ಮೇಲೆ ಮೊಡವೆಗಳೆದ್ದಿವೆ. ಮೊಡವೆ ಏಕೆ ಬರುತ್ತದೆ ಎಂದು ಫೋನು ಅವಳಿಗೂ ಹೇಳಿತ್ತು. ಆದರೂ ಮನೆಯೊಳಗೇ ಬಾಯಿಗೆ ಮಾಸ್ಕ್ ಕಟ್ಟಿಕೊಂಡು ಓಡಾಡುತ್ತಿದ್ದಳು. ನಾನು ಹಾಲು ತರುವ ನೆಪದಲ್ಲಿ ಕೆಳಗಿಳಿದು, ಶಾಲೆಯ ಬಸ್ಸಿಗೆ ಕಾಯುತ್ತ ನಿಂತ ಅವಳ ಗೆಳತಿಯರನ್ನು ಕನ್ನಡಕ ಸರಿಮಾಡಿಕೊಂಡು ನೋಡಿ, ಮೇಲೆ ಬಂದೆ.

"ನೋಡಿ ಬಂದೆ ಮಗೂ," ಎಂದೆ. "ಒಬ್ಬಳ ಮುಖವೂ ನುಣ್ಣಗಿಲ್ಲ."

"ಪೋ ತಾತಾ, ಪೊಯ್ ಸೊಲ್ಲಾದೇ," ಎಂದಳು, ಸುಳ್ಳು ಹೇಳಬೇಡ ಎಂದು. ಆಮೇಲೆ ಎದ್ದು ಬಾಲ್ಕನಿಗೆ ಹೋಗಿ ಕೆಳಗೆ ಬಗ್ಗಿ ತಾನೇ ನೋಡಿದಳು. ಗೆಳತಿಯರು ತಲೆಯೆತ್ತಿ ಕೈ ಬೀಸಿದರು. ಇವಳು ಮಾಸ್ಕನ್ನು ನನ್ನ ಕೈಗೆ ತುರುಕಿ, ಬ್ಯಾಗನ್ನು ಒಂದೇ ಹೆಗಲಿಗೆ ಹಾಕಿಕೊಂಡು ಓಡಿದಳು.